ಹನುಮಪ್ಪನ ಹೆಸರಿನಲ್ಲಿ ವಾಕಿಂಗು

ನೆಲದ ಮೇಲೆ ಕೂತವಳು ಏಳಲಾಗದೆ ಇಬ್ಬರು ಹೆಂಗಸರ ಕೈ ಹಿಡಿದು ಎದ್ದದ್ದು ನನ್ನ ಮಗಳ ಕುಬುಸದ ದಿನ, ಜಗಳೂರಿನಲ್ಲಿ, ಬೀಗರ ಮನೆಯ ಪಡಸಾಲೆಯಲ್ಲಿ, ಊಟಕ್ಕೆ ಬಂದ ಅಷ್ಟೂ ನೆಂಟರ ಎದುರಿಗೆ. ಬೇರೆ ಎಲ್ಲಾದರೂ ಹೀಗಾಗಿದ್ದರೆ ನಕ್ಕು ಮರೆಯುತ್ತಿದ್ದೆ. ಬೀಗರ ಮನೆಯಲ್ಲಿ ಆದದ್ದನ್ನು ಹೆಣ್ಣು ಹೆತ್ತವಳು ಮರೆಯುವುದಿಲ್ಲ.

ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡಿ, ಎಲ್ಲರೂ ಸಾಲಾಗಿ ಚಾಪೆಯ ಮೇಲೆ ಊಟಕ್ಕೆ ಕೂತಿದ್ದೆವು. ನಾನು ಮೂರು ಹೋಳಿಗೆ ಹಸಿವಿಗೆ ತಿಂದೆ, ನಾಲ್ಕನೆಯದನ್ನು ಬಡಿಸುವವರ ಮೇಲಿನ ಮರ್ಯಾದೆಗೆ ತಿಂದೆ. ಪಂಕ್ತಿ ಎದ್ದಿತು. ನಾನೂ ಎದ್ದೆ ಎಂದೇ ಅಂದುಕೊಂಡೆ, ನೋಡಿದರೆ ಕೂತೇ ಇದ್ದೇನೆ. ಒಂದು ಕೈ ನೆಲಕ್ಕೆ ಊರಿದೆ, ಆಮೇಲೆ ಎರಡೂ ಊರಿದೆ. ಮೊಣಕಾಲು ಕಟಕ್ಕೆಂದಿತು, ಮೈ ಮಾತ್ರ ಅಲ್ಲಾಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಚಾಪೆ ಜಾರುತ್ತದೆ ಎಂದೆ. ಯಾರೂ ನಂಬಲಿಲ್ಲ.

ಎಬ್ಬಿಸಿದ ಇಬ್ಬರಲ್ಲಿ ಒಬ್ಬಳು ನನ್ನ ಬೀಗಿತಿ, ಅಳಿಯನ ತಾಯಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಸೆಜ್ಜೆ ದಂಟಿನ ಹಾಗೆ ತೆಳ್ಳಗೆ. ಮನೆಯ ಕುರಿಗಳ ಹಿಂದೆ ದಿನಾ ಎಷ್ಟು ದೂರ ನಡೆಯುತ್ತಾಳೋ ಅವಳಿಗೇ ಗೊತ್ತಿಲ್ಲ. ಕೂಡುವುದೂ ಏಳುವುದೂ ಅವಳಿಗೆ ಕೆಲಸವೇ ಅಲ್ಲ. ನನ್ನ ಸೆರಗು ಸರಿಮಾಡುತ್ತಾ ಮೆಲ್ಲಗೆ ಹೇಳಿದಳು.

"ಮಂಡಿ ಭಾಳ ತೊಂದ್ರೆ ಕೊಡ್ತಾವೇನ್ರಿ? ನಿಮಗೆ ಆಗ್ದಿದ್ರೆ ಬಾಣಂತನ ನಮ್ಮ ಮನ್ಯಾಗೇ ಮಾಡ್ತೀವ್ರಿ. ಕೂಸಿಗೆ ನೀರು ನಾನು ಎರೀತೀನಿ."

ಈ ಮಾತು ನನಗೆ ಎಷ್ಟು ಚುಚ್ಚಿತು ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚೊಚ್ಚಲ ಬಾಣಂತನ ತವರುಮನೆಯ ಹಕ್ಕು. ಕೂಸಿಗೆ ಎರೆಯುವವಳು ಬಚ್ಚಲಲ್ಲಿ ನೆಲಕ್ಕೆ ಕೂತು ಎರಡೂ ಕಾಲು ಮುಂದೆ ನೀಡಬೇಕು. ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ, ನೀರು ಹಾಕಿಸಿಕೊಂಡು ತೊಳೆದು, ಒದ್ದೆ ಕೂಸನ್ನು ಎತ್ತಿ ಬಟ್ಟೆಗೆ ಕೊಟ್ಟು ತಾನೂ ಏಳಬೇಕು. ನನ್ನ ಅವ್ವ ನನ್ನ ಮಗಳಿಗೆ ಹಾಗೆಯೇ ಎರೆದಿದ್ದಳು. ಈಗ ನನ್ನ ಸರದಿ, ನನ್ನ ಜಾಗ. ಆ ಜಾಗದಲ್ಲಿ ನಾನು ಕೂಡಬಲ್ಲೆ, ಏಳಲಾರೆ. ಹೆರಿಗೆಗೆ ಎರಡು ತಿಂಗಳ ಮೇಲೆ ಹತ್ತು ದಿನವಿತ್ತು.

ನಾನು ಅಂಗನವಾಡಿ ಟೀಚರ್ ಎಂಬುದನ್ನು ಇಲ್ಲಿ ಹೇಳಲೇಬೇಕು, ಎಷ್ಟೇ ನಾಚಿಕೆಯಾದರೂ. ಮನೆ ನ್ಯಾಮತಿಯಲ್ಲಿ, ಕೆಲಸ ಸವಳಂಗದ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ. ಇಪ್ಪತ್ತಾರು ವರ್ಷದಿಂದ ಬಸುರಿಯರಿಗೂ ಬಾಣಂತಿಯರಿಗೂ ಏನು ತಿನ್ನಬೇಕು, ಹೇಗೆ ನಡೆಯಬೇಕು ಎಂದು ಪಾಠ ಹೇಳುತ್ತಾ ಬಂದಿದ್ದೇನೆ. ನಮ್ಮ ಕೇಂದ್ರದ ಗೋಡೆಯ ಮೇಲೆ ಒಂದು ತಟ್ಟೆಯ ಚಿತ್ರವಿದೆ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ತಟ್ಟೆ ಕಾಳು, ಉಳಿದ ಕಾಲು ಅನ್ನ. ಅದನ್ನು ಕೋಲಿನಿಂದ ತೋರಿಸಿ ತೋರಿಸಿ ಅನ್ನದ ಜಾಗದಲ್ಲಿ ಬಣ್ಣವೇ ಹೋಗಿದೆ. ಮಧ್ಯಾಹ್ನ ಅದೇ ಚಿತ್ರದ ಕೆಳಗೆ ಕುರ್ಚಿ ಹಾಕಿಕೊಂಡು ನಾನು ಡಬ್ಬಿ ತೆರೆದರೆ ಮುಕ್ಕಾಲು ಭಾಗ ಅನ್ನ, ಕಾಲು ಭಾಗ ಹಪ್ಪಳ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತನ್ನು ನನ್ನಂಥವಳನ್ನು ನೋಡಿಯೇ ಹುಟ್ಟಿಸಿದ್ದಾರೆ.

ನಡೆಯುವುದಂತೂ ಕೇಳಲೇಬೇಡಿ. ನನ್ನ ತವರು ಚನ್ನಗಿರಿ. ಹುಡುಗಿಯಾಗಿದ್ದಾಗ ಕೋಟೆ ಗುಡ್ಡವನ್ನು ಏದುಸಿರಿಲ್ಲದೆ ಹತ್ತಿ ಇಳಿದವಳು. ಸ್ಕೂಟಿ ಬಂದ ಮೇಲೆ ಮನೆಯಿಂದ ಕಾಣುವ ಅಂಗಡಿಗೂ ಕಾಲಿಡುವುದು ಬಿಟ್ಟೆ. ಕೊತ್ತಂಬರಿ ಸೊಪ್ಪಿಗೂ ಕಿಕ್ ಹೊಡೆದೇ ಹೋಗುತ್ತಿದ್ದೆ.

ಕುಬುಸ ಮುಗಿಸಿ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ವಾಪಸ್ಸು ಬರುವಾಗ ನಮ್ಮ ಯಜಮಾನರು ದಾವಣಗೆರೆಯ ತನಕ ಸುಮ್ಮನಿದ್ದರು. ಅವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಪ್ರಪಂಚವನ್ನು ಬಸ್ಸಿನ ಲೆಕ್ಕದಲ್ಲೇ ನೋಡುತ್ತಾರೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ, ಇನ್ನೊಮ್ಮೆ ಬೀಗರ ಮನೆಗೆ ಹೋಗುವಾಗ ಡಿಪೋದಿಂದ ಒಂದು ಜಾಕು ಕೇಳಿ ತಂದಿಟ್ಟುಕೊಳ್ಳೋಣ ಎಂದರು. ಮಗಳು ಕಿಟಕಿಯ ಕಡೆ ತಿರುಗಿ ನಕ್ಕಳು. ನಾನು ಹೊನ್ನಾಳಿ ಬರುವ ತನಕ ಇಬ್ಬರ ಹತ್ತಿರವೂ ಮಾತಾಡಲಿಲ್ಲ.

ಮಾರನೆಯ ವಾರ ಹೊನ್ನಾಳಿಗೇ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆಗೆ ಅಂಥಾದ್ದೇನೂ ಆಗಿಲ್ಲ, ಮೇಲಿನ ಭಾರದ ಬಗ್ಗೆ ಮಂಡಿ ದೂರು ಕೊಡುತ್ತಿದೆ ಅಷ್ಟೇ ಎಂದರು. ದಿನಾ ಒಂದು ಗಂಟೆ ನಡೆಯಬೇಕು, ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಅಭ್ಯಾಸ ಮಾಡಬೇಕು, ಅನ್ನ ಅರ್ಧ ಮಾಡಬೇಕು, ಸಿಹಿ ಮುಟ್ಟಬಾರದು. ನನ್ನ ಬಾಯಿಪಾಠವನ್ನೇ ನನಗೆ ಒಪ್ಪಿಸಿ ಫೀಸು ತೆಗೆದುಕೊಂಡರು.

ಮೊದಲ ದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದೆ. ನಮ್ಮ ಎದುರುಮನೆಯಾಕೆ ಆಗಲೇ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಯಾರ ಮನೆಯಲ್ಲಿ ಹಾಲು ಎಷ್ಟೊತ್ತಿಗೆ ಉಕ್ಕಿತು ಎಂಬುದು ಗೊತ್ತಿರುವ ಹೆಂಗಸು ಅವಳು. ಎಲ್ಲಿಗೆ ಎಂದು ಕೇಳಿದಳು. ವಾಕಿಂಗು ಎಂದೆ. ಯಾಕೆ, ಶುಗರ್ರಾ ಎಂದಳು. ಇಲ್ಲ ಎಂದರೆ ಬಿಪಿಯಾ ಎಂದಳು. ನಮ್ಮ ಊರಿನಲ್ಲಿ ಹೆಂಗಸು ಬರಿಗೈಯಲ್ಲಿ, ಕೆಲಸವಿಲ್ಲದೆ, ಒಂದೇ ಸಮನೆ ನಡೆದಳೆಂದರೆ ಒಂದೋ ಕಾಯಿಲೆ, ಇಲ್ಲವೇ ಮನೆಯಲ್ಲಿ ಜಗಳ. ಸಂಜೆಯೊಳಗೆ ಒಬ್ಬರು ಹಾಗಲಕಾಯಿ ತಂದುಕೊಟ್ಟರು, ಇನ್ನೊಬ್ಬರು ಬೇವಿನ ಪುಡಿ ಕಳಿಸಿದರು. ಮೂರನೆಯವರು ಬಂದು ತಮ್ಮ ಸಂಬಂಧಿಕರೊಬ್ಬರ ಕಾಲು ಕತ್ತರಿಸಿದ ಕತೆಯನ್ನು ಕಾಫಿ ಕುಡಿಯುತ್ತಾ ಪೂರ್ತಿ ಹೇಳಿದರು.

ಅದಕ್ಕಿಂತ ದೊಡ್ಡ ಕಷ್ಟ ಪ್ರೀತಿಯದು. ಇಷ್ಟು ವರ್ಷ ಇದೇ ಊರಿನಲ್ಲಿದ್ದು ನನಗೆ ಪರಿಚಯವಿಲ್ಲದ ಮನೆಯಿಲ್ಲ. ಬಾಗಿಲ ಮುಂದೆ ಹಾದುಹೋಗುವ ಮುತ್ತೈದೆಯನ್ನು ಒಳಗೆ ಕರೆಯದೆ ಬಿಟ್ಟರೆ ಅವರಿಗೆ ಸಮಾಧಾನವಿಲ್ಲ, ಒಳಗೆ ಬಂದವಳಿಗೆ ಕುಂಕುಮ ಕೊಟ್ಟು ಬಾಯಿಗೆ ಏನಾದರೂ ಹಾಕದೆ ಕಳಿಸುವ ಪದ್ಧತಿಯಿಲ್ಲ. ಒಂದು ಚಮಚ ಸಕ್ಕರೆಗೆ ಏನಾಗುತ್ತದೆ ಎನ್ನುವವರು, ಬಾಳೆಹಣ್ಣು ಸಿಹಿ ಅಲ್ಲವಲ್ಲ ಎನ್ನುವವರು. ಡಾಕ್ಟರು ಬೇಡ ಅಂದಿದ್ದಾರೆ ಎಂದರೆ, ಡಾಕ್ಟರು ಹಂಗೇ ಹೇಳ್ತಾರೆ ಎಂದು ಲೋಟ ಮುಂದೆ ಇಡುತ್ತಿದ್ದರು. ನಾಲ್ಕು ಬೀದಿ ದಾಟುವುದರೊಳಗೆ ನನ್ನ ಹಣೆಯ ಮೇಲೆ ನಾಲ್ಕು ಕುಂಕುಮ, ಹೊಟ್ಟೆಯಲ್ಲಿ ಮೂರು ಟೀ ಇರುತ್ತಿದ್ದವು. ಮನೆಗೆ ಬಂದರೆ ಅಲ್ಲಿ ಬಸುರಿ ಮಗಳಿಗೆಂದು ಮಾಡಿದ ತುಪ್ಪದ ಅವಲಕ್ಕಿ. ಇಬ್ಬರ ಪಾಲು ತಿನ್ನಬೇಕಾದವಳು ಅವಳು, ಒಬ್ಬಳ ಪಾಲನ್ನು ನಾನು ಮುಗಿಸಿಕೊಡುತ್ತಿದ್ದೆ.

ಒಂಬತ್ತನೆಯ ದಿನ ಎದುರುಮನೆಯಾಕೆ ಮತ್ತೆ ಎಲ್ಲಿಗೆ ಎಂದು ಕೇಳಿದಳು. ನನಗೆ ರೇಗಿತು. ರೇಗಿದಾಗ ನನ್ನ ಬಾಯಿಗೆ ಬರುವ ಮಾತು ಸುಳ್ಳೋ ನಿಜವೋ ಎಂದು ನಾನು ನೋಡುವುದಿಲ್ಲ. ಸವಳಂಗದ ರಸ್ತೆಯಲ್ಲಿ ಊರಾಚೆ ಇರುವ ಹನುಮಪ್ಪನ ಗುಡಿಗೆ ಎಂದೆ. ಮಗಳ ಹೆರಿಗೆ ಸುಸೂತ್ರ ಆಗಲಿ ಎಂದು ನಲವತ್ತೆಂಟು ದಿನ ನಡೆದು ಹೋಗಿ ಬರುವ ಹರಕೆ ಹೊತ್ತಿದ್ದೇನೆ ಎಂದೆ. ಅವಳು ನೀರಿನ ಚೊಂಬನ್ನು ಕೆಳಗಿಟ್ಟು ಕೈ ಮುಗಿದಳು. ನನಗೋ ಹನುಮಪ್ಪನಿಗೋ ಗೊತ್ತಾಗಲಿಲ್ಲ.

ಅಂದಿನಿಂದ ದಾರಿ ತಾನೇ ಬಿಟ್ಟುಕೊಂಡಿತು. ಆರೋಗ್ಯಕ್ಕೆ ನಡೆಯುವವಳನ್ನು ನಿಲ್ಲಿಸಿ ಮಾತಾಡಿಸುತ್ತಿದ್ದವರು ದೇವರಿಗೆ ನಡೆಯುವವಳಿಗೆ ಪಕ್ಕಕ್ಕೆ ಸರಿದು ನಿಂತರು. ಹರಕೆಯವಳನ್ನು ನಡುವೆ ತಡೆಯಬಾರದಂತೆ. ಇದರ ಮಹಿಮೆ ಕಂಡು ನನಗೆ ಆಸೆ ಹೆಚ್ಚಿತು. ಒಂದು ಗೃಹಪ್ರವೇಶಕ್ಕೆ ಹೋದಾಗ ಲಾಡು ಬಡಿಸಲು ಬಂದವರಿಗೆ ಹರಕೆ ಐತೆ, ಹೆರಿಗೆ ಆಗುವ ತನಕ ಸಿಹಿ ಬಿಟ್ಟಿದ್ದೇನೆ ಎಂದೆ. ಡಾಕ್ಟರ ಚೀಟಿಗೆ ಬಗ್ಗದಿದ್ದ ಕೈ ಹಿಂದಕ್ಕೆ ಹೋಯಿತು. ರಾತ್ರಿಯ ಅನ್ನವನ್ನೂ ಅದೇ ಲೆಕ್ಕದಲ್ಲಿ ಬಿಟ್ಟು ರೊಟ್ಟಿಗೆ ಬಂದೆ. ನಮ್ಮ ಯಜಮಾನರು, ಇಡೀ ಆಸ್ಪತ್ರೆಗೆ ಆಗದ್ದನ್ನು ಹನುಮಪ್ಪ ಒಂದೇ ಟ್ರಿಪ್ಪಿನಲ್ಲಿ ಮಾಡಿದ ಎಂದರು.

ಹಿಗ್ಗಿದ್ದು ಸಾಕು ಎನ್ನುವ ಹಾಗೆ ಹದಿನೈದನೆಯ ದಿನದಿಂದ ಜನ ಕೂಡಿಕೊಂಡರು. ಒಳ್ಳೆಯ ಹರಕೆಗೆ ಜೊತೆಯಾದರೂ ಪುಣ್ಯವಂತೆ. ಮೊದಲು ಎದುರುಮನೆಯಾಕೆ, ಆಮೇಲೆ ಅವಳ ಓರಗಿತ್ತಿ, ಆಮೇಲೆ ಇನ್ನೂ ಮೂವರು. ಬರಿಗೈಯಲ್ಲಿ ದೇವರ ಹತ್ತಿರ ಹೋಗುವುದು ಹೇಗೆ? ದಿನಕ್ಕೊಬ್ಬರ ಸರದಿಯಂತೆ ಫಲಾರ ತಂದರು. ಮಂಡಕ್ಕಿ, ಬೆಲ್ಲ, ಕೊಬ್ಬರಿ, ಪುಟಾಣಿ, ಬಾಳೆಹಣ್ಣು. ಸಿಹಿ ಬಿಟ್ಟವಳು ನಾನು ನಿಜ, ಆದರೆ ಪ್ರಸಾದ ಸಿಹಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರೇ ತೀರ್ಪು ಕೊಟ್ಟರು. ಗುಡಿಯ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಫಲಾರ, ಮುಕ್ಕಾಲು ಗಂಟೆ ಮಾತು. ಇಪ್ಪತ್ತನೆಯ ದಿನ ಅಂಗನವಾಡಿಯಲ್ಲಿ ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಬಸುರಿಯರ ತೂಕದ ಯಂತ್ರದ ಮೇಲೆ ನಿಂತೆ. ಅರ್ಧ ಕೆಜಿ ಏರಿದ್ದೆ. ಇಳಿದು ಚಪ್ಪಲಿ ಬಿಟ್ಟು ಮತ್ತೆ ಹತ್ತಿದೆ. ಯಂತ್ರಕ್ಕೆ ನನ್ನ ಮೇಲೆ ಯಾವ ಮರ್ಯಾದೆಯೂ ಇರಲಿಲ್ಲ.

ಅತ್ತೇಬಿಟ್ಟೆ ಅವತ್ತು, ಖಾಲಿ ಕೇಂದ್ರದಲ್ಲಿ, ಆ ತಟ್ಟೆಯ ಚಿತ್ರದ ಎದುರಿಗೆ. ಜಗಳೂರಿನ ಬಚ್ಚಲಲ್ಲಿ ಬೀಗಿತಿ ಕಾಲು ನೀಡಿ ಕೂತು ನನ್ನ ಮೊಮ್ಮಗುವಿಗೆ ಎರೆಯುವುದೂ, ನಾನು ನೆಂಟಳಂತೆ ಕುರ್ಚಿಯ ಮೇಲೆ ಕೂತು ನೋಡುವುದೂ ಕಣ್ಣಿಗೆ ಕಟ್ಟಿತು. ಮಾರನೆಯ ದಿನದಿಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಅಂಗನವಾಡಿಗೆ ಒಯ್ದೆ. ಮಕ್ಕಳು ಬಾಯಿ ಸಿಹಿ ಮಾಡಿಕೊಂಡವು, ನನ್ನ ಪಾಲಿನ ಪುಣ್ಯ ಅವಕ್ಕೇ ಹೋಗಲಿ ಎಂದುಕೊಂಡೆ.

ಮೂವತ್ತೆರಡನೆಯ ದಿನ ನಾನು ಹೊದ್ದು ಮಲಗಿಬಿಟ್ಟೆ. ಹಿಂದಿನ ದಿನ ಕೇಂದ್ರದಲ್ಲಿ ತಾಯಂದಿರ ಸಭೆ, ಮಂಡಿ ಊದಿಕೊಂಡಿತ್ತು, ಹೊರಗೆ ಜಿಟಿಜಿಟಿ ಮಳೆ. ಒಂದು ದಿನ ತಪ್ಪಿದರೆ ಯಾರಿಗೇನು ನಷ್ಟ, ಹರಕೆ ನಾನೇ ಕಟ್ಟಿದ ಸುಳ್ಳಲ್ಲವೇ ಎಂದು ಮಗ್ಗುಲಾದೆ. ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ.

"ಇವತ್ತು ಹೋಗಲ್ವೇನವ್ವಾ?" ಎಂದಳು. "ಹೋಗಾಕೆ ಆಗ್ದಿದ್ರೆ ಬಿಡು. ನಾನೇ ಹೋಗಿ ತಪ್ಪಾಯ್ತು ಅಂತ ಕಾಯಿ ಒಡೆಸಿ ಬರ್ತೀನಿ."

ಅವಳು ನಂಬಿದ್ದಳು. ನಾನು ಬೀದಿಯ ಬಾಯಿ ಮುಚ್ಚಿಸಲು ಹೇಳಿದ ಸುಳ್ಳನ್ನು ನನ್ನ ಮಗಳು ತನ್ನ ಹೊಟ್ಟೆಯೊಳಗಿನ ಜೀವಕ್ಕೆ ಕಾವಲೆಂದು ಇಟ್ಟುಕೊಂಡಿದ್ದಳು. ನಿಜ ಹೇಳಿದರೆ ಆ ಧೈರ್ಯ ಹೋಗುತ್ತದೆ, ಹೇಳದಿದ್ದರೆ ಎದ್ದು ನಡೆಯಬೇಕು. ಅದಕ್ಕಿಂತ ಹೆಚ್ಚಾಗಿ ನನಗೇ ಹೆದರಿಕೆಯಾಯಿತು. ಹರಕೆ ಸುಳ್ಳಿರಬಹುದು, ಅದರಲ್ಲಿ ಹೇಳಿದ ಹೆರಿಗೆ ಸುಳ್ಳಲ್ಲವಲ್ಲ. ಏನಾದರೂ ಹೆಚ್ಚು ಕಡಿಮೆಯಾದರೆ ಆ ಒಂದು ದಿನವನ್ನು ನಾನು ಸಾಯುವ ತನಕ ಲೆಕ್ಕ ಹಾಕುತ್ತಾ ಕೂತಿರುತ್ತೇನೆ. ಬೇರೆಯವರಿಗೆ ತಿಳುವಳಿಕೆ ಹೇಳುವ ಕೆಲಸದವಳು ನಾನು, ಮೂಢನಂಬಿಕೆ ಬೇಡ ಎಂದು ಭಾಷಣ ಮಾಡಿದವಳು. ಕೊಡೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಮಳೆಗೆ ಜೊತೆಯವರು ಯಾರೂ ಬಂದಿರಲಿಲ್ಲ. ಕುಂಟುತ್ತಾ ಹೋಗಿ ಹನುಮಪ್ಪನ ಮುಂದೆ ನಿಂತು, ಅಪ್ಪಾ, ಮೊದಲು ಹೇಳಿದ್ದು ಸುಳ್ಳು, ಇವತ್ತಿನಿಂದ ನಿಜ ಅಂತ ಇಟ್ಟುಕೋ, ಹಿಂದಿನದನ್ನೂ ಇದರಲ್ಲೇ ಸೇರಿಸಿಕೋ ಎಂದೆ. ಬೇಡಿಕೊಳ್ಳುವಾಗಲೂ ನನಗೆ ಸ್ವಲ್ಪ ಚೌಕಾಸಿ ಬಿಡಲಾಗಲಿಲ್ಲ.

ಆಮೇಲೆ ಬೆಳಿಗ್ಗೆ ಏಳಲು ಗಡಿಯಾರ ಬೇಕಾಗಲಿಲ್ಲ. ಮನಸ್ಸನ್ನು ಹುರಿದುಂಬಿಸಿಕೊಳ್ಳುವುದು ಹೇಗೆ ಎಂದು ಮೊಬೈಲಿನಲ್ಲಿ ಎಷ್ಟೋ ಜನ ಹೇಳುತ್ತಾರೆ, ನನಗೆ ಹುರುಪು ಒಂದು ದಿನವೂ ಬರಲಿಲ್ಲ. ಬಂದದ್ದು ಭಯ, ಅದು ಸಾಕಾಯಿತು. ಮಧ್ಯಾಹ್ನದ ಡಬ್ಬಿಯಲ್ಲಿ ಗೋಡೆಯ ಚಿತ್ರ ನಿಧಾನಕ್ಕೆ ಕಾಣತೊಡಗಿತು. ಒಬ್ಬ ಬಸುರಿ ಇಣುಕಿ ನೋಡಿ, ಟೀಚರ್ ನೀವೂ ಇದನ್ನೇ ತಿಂತೀರಾ ಎಂದು ಆಶ್ಚರ್ಯಪಟ್ಟಳು. ಯಾವಾಗಲೂ ಇದೇ ಎಂದೆ. ಇದು ಮಾತ್ರ ಶುದ್ಧ ಸುಳ್ಳು.

ಕೂತು ಏಳುವ ಅಭ್ಯಾಸವನ್ನು ಬಚ್ಚಲಲ್ಲೇ ಶುರು ಮಾಡಿದೆ. ಕಾಲು ನೀಡಿ ಕೂತು, ಸಂತೆಯಿಂದ ತಂದ ಒಂದು ದೊಡ್ಡ ಸೋರೆಕಾಯಿಯನ್ನು ಕಾಲ ಮೇಲೆ ಮಲಗಿಸಿಕೊಂಡು, ತಿಕ್ಕಿದ ಹಾಗೆ ಮಾಡಿ, ಕೆಳಗಿಟ್ಟು, ಗೋಡೆ ಹಿಡಿದು ಏಳುವುದು. ಒಂದು ದಿನ ಯಜಮಾನರು ಬಾಗಿಲು ತಳ್ಳಿ ಒಳಗೆ ಬಂದುಬಿಟ್ಟರು. ನನ್ನನ್ನೂ ನೋಡಿದರು, ಸೋರೆಕಾಯಿಯನ್ನೂ ನೋಡಿದರು. ಕೂಸು ನಿಮ್ಮ ಕಡೆಯವರನ್ನೇ ಹೋಲುತ್ತದೆ ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದರು.

ನಲವತ್ತೆಂಟು ದಿನ ಮುಗಿದರೂ ನಾನು ನಿಲ್ಲಿಸಲಿಲ್ಲ, ಹೆರಿಗೆಯಾಗುವ ತನಕ ನಿಲ್ಲಿಸುವ ಧೈರ್ಯವಿರಲಿಲ್ಲ. ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಕೂಸೂ ಚೆನ್ನಾಗಿದ್ದರು. ಆಸ್ಪತ್ರೆಯ ಹೊರಗೆ ನಿಂತು ನಾನು ಎದುರುಮನೆಯಾಕೆಗೆ ಫೋನು ಮಾಡಿದೆ. ಅವಳು ನನಗಿಂತ ಜೋರಾಗಿ ಅತ್ತಳು.

ಹೊಕ್ಕುಳ ಬಳ್ಳಿ ಬಿದ್ದ ಮೇಲೆ ಎರೆಯಲು ಶುರು ಮಾಡಿದೆವು. ಮೊದಲ ದಿನ ನಾನು ಕಾಲು ನೀಡಿ ಕೂತೆ. ಸೋರೆಕಾಯಿ ಒದೆಯುವುದಿಲ್ಲ, ಕೂಸು ಒದೆಯುತ್ತದೆ. ಮೆತ್ತಗಿನ ಆ ಬೆನ್ನು ನನ್ನ ಕಾಲಿಗೆ ತಾಗಿದಾಗ ನನ್ನ ಅವ್ವ ನೆನಪಾದಳು, ಕಣ್ಣು ತುಂಬಿತು. ಯಜಮಾನರು ಹೊರಗಿನಿಂದಲೇ ನೀರು ತಂದುಕೊಡುವುದು, ಬಾಣಂತನಕ್ಕೆಂದು ಬಂದಿದ್ದ ನನ್ನ ತಂಗಿ ಹದ ನೋಡಿ ಹಾಕುವುದು, ನಾನು ತಿಕ್ಕುವುದು. ಎರೆದಾದ ಮೇಲೆ ಕೂಸನ್ನು ಅವಳ ಕೈಗೆ ಕೊಟ್ಟು, ಎಡಗೈಯಲ್ಲಿ ಗೋಡೆ ಹಿಡಿದು ಎದ್ದೆ. ಗೋಡೆ ಹಿಡಿದರೆ ಹಿಡಿದ ಹಾಗಲ್ಲ, ಗೋಡೆ ಮನೆಯದೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತೊಟ್ಟಿಲಿಗೆ ಹಾಕುವುದಕ್ಕೆ ಮೂರು ದಿನ ಮೊದಲೇ ಬೀಗಿತಿ ಜಗಳೂರಿನಿಂದ ಬಂದಳು, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು. ಬಂದ ಮಾರನೆಯ ಬೆಳಿಗ್ಗೆ ಬಚ್ಚಲ ಹೊಸ್ತಿಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನಾನು ಎರೆಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಪರೀಕ್ಷೆಗೆ ಬಂದಿದ್ದಾಳೆ ಎಂದುಕೊಂಡೆ. ಎರಡನೆಯ ದಿನವೂ ಹಾಗೇ ಕೂತಳು. ನಾನು ಬೇಕೆಂದೇ ನಿಧಾನವಾಗಿ, ಎಲ್ಲ ಬೆರಳ ಸಂದನ್ನೂ ತೊಳೆದೆ. ನೋಡು, ಚೆನ್ನಾಗಿ ನೋಡು ಎನ್ನುವ ಹಾಗೆ.

ಮೂರನೆಯ ದಿನ ಬೆಳಿಗ್ಗೆ ನಾನು ಆಗ ತಾನೇ ಕೂತು ಕೂಸನ್ನು ಕೈಗೆ ತೆಗೆದುಕೊಂಡಿದ್ದೆ. ನೀರು ಹಾಕುವ ತಂಗಿ ಇನ್ನೂ ಬಂದಿರಲಿಲ್ಲ. ಬೀಗಿತಿ ಹೊಸ್ತಿಲು ದಾಟದೆ ಅಲ್ಲಿಂದಲೇ ಮಾತಾಡಿದಳು.

"ನನಗೆ ಮೂರೂ ಗಂಡೇ ಹುಟ್ಟಿದ್ವುರಿ. ಅವಕ್ಕೆ ನಮ್ಮವ್ವ ಎರೆದ್ಲು, ನನ್ನ ಕೈಗೆ ಕೊಡ್ಲಿಲ್ಲ. ದೊಡ್ಡ ಸೊಸೇರಿಬ್ರೂ ಅವರವರ ತವರಿಗೆ ಹೋದ್ರು. ಹುಟ್ಟಿದ ಕೂಸಿಗೆ ನಾನು ಒಂದು ದಿನಾನೂ ನೀರು ಎರೆದಿಲ್ರಿ. ಕುಬುಸದ ದಿನ ಬಾಯಿ ತಪ್ಪಿ ಕೇಳ್ಬಿಟ್ಟೆ. ನೀವು ಬ್ಯಾಸರ ಮಾಡ್ಕಂಡ್ರಿ."

ಕೂಸಿನ ಕಡೆ ನೋಡುತ್ತಾ, "ಇವತ್ತೊಂದು ದಿನ ಕೊಡ್ತೀರೇನ್ರಿ?" ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳು ನಡೆದದ್ದು, ಅನ್ನ ಬಿಟ್ಟದ್ದು, ಹನುಮಪ್ಪನ ಹೆಸರಿನಲ್ಲಿ ಸುಳ್ಳು ಹೇಳಿದ್ದು, ಎಲ್ಲವೂ ಈ ಜಾಗವನ್ನು ಇವಳಿಗೆ ಬಿಡಬಾರದೆಂದೇ. ಆಮೇಲೆ ಅವಳ ಮುಖ ನೋಡಿದೆ. ಕುರಿಮರಿಗಳನ್ನು ಎಷ್ಟು ಎತ್ತಿದ್ದಾಳೋ ಆ ಕೈ, ಈಗ ಸೀರೆಯ ನೆರಿಗೆಯನ್ನು ಹಿಡಿದು ಬಿಡುತ್ತಾ ಕೂತಿತ್ತು. ಇಷ್ಟು ದಿನ ನಾನು ಯಾರ ಜೊತೆ ಪಂದ್ಯ ಕಟ್ಟಿದ್ದೆನೋ ಆಕೆಗೆ ಪಂದ್ಯವಿರುವುದೇ ಗೊತ್ತಿರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

ಬರ್ರಿ ಎಂದು ನಾನು ಎದ್ದೆ. ಜಾಗ ಬಿಟ್ಟುಕೊಡುವ ಅವಸರದಲ್ಲಿ ಎದ್ದೆ. ಅವಳು ಒಳಗೆ ಬಂದು ಕಾಲು ನೀಡಿ ಕೂತು ಕೈ ಚಾಚಿದಾಗ ನೋಡಿಕೊಂಡೆ: ನನ್ನ ಎರಡೂ ಕೈಯಲ್ಲಿ ಕೂಸಿತ್ತು. ಗೋಡೆ ಹಿಡಿಯಲು ಕೈಯೇ ಇರಲಿಲ್ಲ. ಅದನ್ನು ನೋಡಿದವರು ಯಾರೂ ಇರಲಿಲ್ಲ, ಬೀಗಿತಿಗೆ ಕೂಸಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ, ಹೇಳಿಕೊಳ್ಳಬೇಕೆಂದು ನನಗೂ ಅನ್ನಿಸಲಿಲ್ಲ. ಕೂಸನ್ನು ಬಗ್ಗಿ ಅವಳ ಕಾಲ ಮೇಲೆ ಮಲಗಿಸಿದೆ. ಎಷ್ಟು ಗಟ್ಟಿಯಾಗಿ ತಿಕ್ಕಬೇಕೆಂದು ತಿಳಿಯದೆ ಅವಳು ನನ್ನ ಮುಖ ನೋಡಿದಳು. ಕಲಸಿದ ಹಿಟ್ಟನ್ನು ಮುಟ್ಟಿದ ಹಾಗೆ ಮುಟ್ಟಿರಿ, ಸಾಕು ಎಂದೆ. ಆಮೇಲೆ ತಂಬಿಗೆ ತೆಗೆದುಕೊಂಡು, ನೀರಿನ ಹದ ನೋಡಿ, ನಾನು ನಿಂತು ಹಾಕಿದೆ, ಅವಳು ಕೂತು ಎರೆದಳು.